ಮನಿ ತುಂಬ ಮಂದಿ, ಒಂದೇ ಕೂಸು

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಸೂರವ್ವನಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಬಂದದ್ದು ವಾಣಿಶ್ರೀ ಒಬ್ಬಳೇ. ಶಿಕ್ಷಕಿ ಸಂಘಮಿತ್ರಾ ಬೆಳಿಗ್ಗೆಯೇ ಕೂಡ್ಲಿಗಿಯಿಂದ ಸ್ಕೂಟಿಯಲ್ಲಿ ಬಂದು ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದಳು, ಅಡುಗೆಯಾಕೆಗೆ ಹೇಳಿ ಕೇಸರಿಬಾತು ಮಾಡಿಸಿದ್ದಳು. ಎರಡು ಕೋಣೆಗಳ ನಡುವಿನ ಹೊಸ್ತಿಲ ಮೇಲೆ ತಟ್ಟೆ ಹಿಡಿದು ಕೂತ ಆ ಮೂರನೇ ತರಗತಿಯ ಹುಡುಗಿ, "ಟೀಚರ್, ಉಳದೋರು ಎಷ್ಟೊತ್ತಿಗೆ ಬರ್ತಾರ್ರಿ?" ಎಂದು ಕೇಳಿದಳು.

ಉಳಿದವರು ಯಾರೂ ಇರಲಿಲ್ಲ. ಹಿಂದಿನ ವರ್ಷ ಜೊತೆಗಿದ್ದ ಮೂವರು ಐದನೇ ತರಗತಿ ಮುಗಿಸಿ ಹೊಸಹಳ್ಳಿಯ ದೊಡ್ಡ ಶಾಲೆಗೆ ಹೋಗಿದ್ದರು. ಊರಿನ ಬೆರಳೆಣಿಕೆಯ ಮಕ್ಕಳು ಹಳದಿ ವ್ಯಾನು ಹತ್ತಿ ಕೂಡ್ಲಿಗಿಯ ಇಂಗ್ಲಿಷ್ ಮೀಡಿಯಂ ಸೇರಿದ್ದವು. ಒಂದನೇ ತರಗತಿಗೆ ಹೊಸದಾಗಿ ಸೇರಿಸೋಣವೆಂದರೆ, ಆ ವಯಸ್ಸಿನ ಮಗುವೇ ಊರಲ್ಲಿರಲಿಲ್ಲ.

ಆ ವಾರವೇ ಶಾಲೆ ನೋಡಲು ಮೇಲಧಿಕಾರಿಯೊಬ್ಬರು ಬಂದರು. ಕೆಟ್ಟ ಮನುಷ್ಯನಲ್ಲ. ಖಾಲಿ ಕೋಣೆಯಲ್ಲಿ ಒಂದು ಸುತ್ತು ಹಾಕಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

"ಒಂದು ಮಗುವಿಗೆ ಒಂದು ಶಾಲಿ ನಡ್ಸಾಕಾಗಲ್ಲ ಮೇಡಂ. ಈ ತಿಂಗಳು ಮುಗಿಯೋತನಕ ನೋಡ್ತೀನಿ. ನಾಕು ಮಕ್ಕಳಾದ್ರೂ ಬಂದ್ರ ಈ ವರ್ಷ ಹೆಂಗೋ ದಾಟಿಸ್ತೀನಿ. ಇಲ್ಲಾಂದ್ರ ಹೊಸಹಳ್ಳಿ ಶಾಲಿಗೆ ಸೇರಿಸಿಬಿಡೋದ. ನಿಮಗೂ ಕೂಡ್ಲಿಗಿ ಹತ್ರ ಎಲ್ಲ್ಯಾರ ಜಾಗ ಸಿಗ್ತೈತಿ, ಓಡಾಟ ಕಡಿಮಿ ಆಗ್ತೈತಿ."

ಆ ಮಾತು ಸುಳ್ಳಲ್ಲ. ಸಂಘಮಿತ್ರಾ ಹಾಗೆಯೇ ಸುಮ್ಮನಾಗಿಬಿಡುತ್ತಿದ್ದಳೋ ಏನೋ. ಆದರೆ ಮರುದಿನ ಮಧ್ಯಾಹ್ನ ವಾಣಿಶ್ರೀಯ ತಾಯಿ ಕೊಟ್ರಬಸಮ್ಮ, ಮಗಳನ್ನು ನೋಡುವ ನೆಪದಲ್ಲಿ ಬಂದವಳು, ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಅವಳನ್ನು ಕರೆದಳು.

"ಶಾಲಿ ಮುಚ್ತಾರಂತಲ್ರಿ ಮೇಡಂ?"

"ಇನ್ನೂ ಏನೂ ಆಗಿಲ್ಲ."

"ಮುಚ್ಚಾಕ ಬಿಡಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಅವಳು ಹೇಳಿದಳು. ಗಂಡನ ದೊಡ್ಡಣ್ಣ ಪಾಲಾಕ್ಷಪ್ಪ ಹಂಪಸಾಗರದಲ್ಲಿ ಇದ್ದಾನೆ. ಹೊಳೆದಂಡೆಯ ಗದ್ದೆ, ಗೊಬ್ಬರದ ಅಂಗಡಿ, ದೊಡ್ಡ ಮನೆ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ಮಕ್ಕಳಿಲ್ಲ. ದಾವಣಗೆರೆ, ಹುಬ್ಬಳ್ಳಿ ಎಂದು ಅಲೆದದ್ದೇ ಬಂತು. "ಊರಾಗ ಶಾಲಿ ಇಲ್ಲಾಂದ್ರ ಕೂಸು ದೊಡ್ಡಪ್ಪನ ಮನ್ಯಾಗ ಓದ್ಲಿ ಅಂತ ನಮ್ಮತ್ತಿ ಈಗ ರಾಗ ತೆಗದಾಳ. ಓದಾಕ ಅಂತ ಹೋದ ಕೂಸು ತಿರುಗಿ ಬರಂಗಿಲ್ರಿ. ನನಗ ಗೊತ್ತೈತಿ."

"ನಿಮಗಿನ್ನೂ ವಯಸ್ಸೈತಿ, ಕೊಟ್ರಬಸಮ್ಮ..."

ಕೊಟ್ರಬಸಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಗರ್ಭಕೋಶ ತಗದಾರ್ರಿ. ವಾಣಿಗೆ ಎರಡು ವರ್ಷ ಆಗ ಹೊಟ್ಟಿನೋವು ಅಂತ ದವಾಖಾನಿಗೆ ಹೋಗಿದ್ದೆ. ತಗದ್ರ ಆರಾಮಾಗ್ತೈತಿ ಅಂದ್ರು, ಮನ್ಯಾಗ ಹೂಂ ಅಂದ್ರು. ನನ್ನ ಯಾರು ಕೇಳಿದ್ರು."

ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಸಂಘಮಿತ್ರಾ ಮಕ್ಕಳನ್ನು ಹುಡುಕುತ್ತ ಮನೆಮನೆ ಹತ್ತಿದಳು. ಊರು ಕುಗ್ಗಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು. ಅವಳು ಇಲ್ಲಿ ಕೆಲಸಕ್ಕೆ ಸೇರಿದಾಗ ಹನುಮಪ್ಪನ ಗುಡಿಗೇ ಮನೆಗಳು ಮುಗಿದು ಶೇಂಗಾದ ಹೊಲ ಶುರುವಾಗುತ್ತಿತ್ತು. ಈಗ ಮನೆಗಳು ಡಾಂಬರು ರಸ್ತೆಯನ್ನು ಮುಟ್ಟಿದ್ದವು. ರೇಷನ್ ಅಂಗಡಿಯ ಸಾಲು ಉದ್ದವಾಗಿತ್ತು, ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೆ ಬಾಗಿಲ ಮುಂದೆ ಬಿಟ್ಟ ಚಪ್ಪಲಿಗಳಲ್ಲಿ ಚಿಕ್ಕವೇ ಇರಲಿಲ್ಲ. ಅರಳಿಕಟ್ಟೆಯ ಮೇಲೆ ಮೂವತ್ತು ದಾಟಿದ ಗಂಡಸರು ಮೊಬೈಲು ನೋಡುತ್ತ ಕೂತಿದ್ದರು. ಮದುವೆಯಾಗದವರು. ಹೆಣ್ಣು ಹುಡುಕಿ ಹುಡುಕಿ, ಈಗ ಹುಡುಕುವುದನ್ನೂ ಬಿಟ್ಟವರು.

ಕೊನೆಗೆ ಅವಳು ಹೋದದ್ದು ವಾಣಿಶ್ರೀಯ ಮನೆಗೆ. ಕೊಟ್ರಬಸಮ್ಮನ ಅತ್ತೆ ಬಸಲಿಂಗಮ್ಮ ಬಿತ್ತನೆಗೆಂದು ಜಗಲಿಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು.

"ಮಂದಿ ಹೆಚ್ಚಾಗ್ಯಾರ ಟೀಚರಮ್ಮ, ಕೂಸು ಕಡಿಮಿ ಆಗ್ಯಾವ," ಎಂದಳು ಮುದುಕಿ, ಕೈ ನಿಲ್ಲಿಸದೆ. "ನಮ್ಮತ್ತಿ ಹತ್ತು ಹಡದು ಮೂರು ಉಳಿಸ್ಕೊಂಡಾಕಿ. ನಾನು ಏಳು ಹಡದೆ, ಏಳೂ ಉಳದ್ವು. ಸೂಜಿ ಹಾಕೋರು ಆಗ ಮನಿಗೇ ಬರ್ತಿದ್ರು. ಆಮ್ಯಾಲ ಕೂಡ್ಲಿಗಿಗೆ ಕರ್ಕೊಂಡು ಹೋಗಿ ಆಪರೇಷನ್ ಮಾಡಿಸಿದ್ರು. ಹಿಂಗ ಹಡಕೋಂತ ಹೋದ್ರ ಹೊಲ ಹರದು ಚೂರು ಚೂರು ಆಗ್ತೈತಿ ಅಂತಂದಿದ್ಲು ಆ ನರ್ಸಮ್ಮ."

"ಎಲ್ಲಾರೂ ಆಪರೇಷನ್ ಮಾಡಿಸ್ಕೊಂಡ ಮ್ಯಾಲೂ ಊರು ಬೆಳೀತಲ್ಲಮ್ಮ?"

"ಬೆಳೀದೆ ಏನು? ಮನಿಗೆ ಏಳೇಳು ಮಂದಿ ಒಂದ ಹೊತ್ತಿಗೆ ದೊಡ್ಡೋರಾದ್ರು. ಒಬ್ಬೊಬ್ರು ಒಂದು, ಎರಡು ಹಡದ್ರೂ ಓಣಿ ತುಂಬ ತೊಟ್ಟಿಲು. ಆಗೇ ನಿಮ್ಮ ಶಾಲಿಗೆ ಎರಡನೇ ಕೋಲಿ ಕಟ್ಟಿಸಿದ್ದು. ಕೂಸು ಕಡಿಮಿ ಆಗಿದ್ದು ಯಾರಿಗೂ ಕಾಣಲಿಲ್ಲ. ಈಗ ಆ ಒಂದೊಂದು, ಎರಡೆರಡು ಹುಟ್ಟಿದ್ವು ದೊಡ್ಡವಾಗ್ಯಾವ. ಅವ್ರಾಗ ಹೆಣ್ಣು ಎಷ್ಟು? ಹಡಿಯಾರು ಯಾರು? ನಮ್ಮಂಥ ಮುದುಕ್ರೂ ಲಗೂನ ಸಾಯವಲ್ರು." ಅವಳು ಬೊಚ್ಚುಬಾಯಿ ತೆರೆದು ನಕ್ಕಳು. ನಗುವಿನ ಕೊನೆಗೆ ಮುಖ ಬಾಡಿತು. "ನನಗ ನಾಕು ಗಂಡುಮಕ್ಕಳು. ದೊಡ್ಡವಗ ಇಲ್ಲ. ನಡುವಿನೋರು ಇಬ್ಬರಿಗೆ ಮದುವಿನ ಇಲ್ಲ. ಸಣ್ಣವಗ ಒಂದು. ಮನಿ ತುಂಬ ಮಂದಿ, ಒಂದೇ ಕೂಸು."

ಆ ನಡುವಿನವರಲ್ಲಿ ಒಬ್ಬನಾದ ಮಂಜಣ್ಣ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ನಲವತ್ತರ ಹತ್ತಿರದವನು, ಮಾತು ಚುರುಕು. "ನಮ್ಮೂರ ಮಕ್ಕಳನ್ನ ಕೇಳ್ಕೊಂತ ಬಂದೀರಿ ಮೇಡಂ, ಭಾಳ ಸಂತೋಷ. ನಿಮ್ಮ ಮಗಳು ಎಲ್ಲಿ ಓದ್ತಾಳ್ರಿ?"

ಸಂಘಮಿತ್ರಾ ಸ್ಕೂಟಿಯ ಕಡೆ ತಿರುಗಿದಳು. ಅವಳ ಒಬ್ಬಳೇ ಮಗಳು ಸಮತಾ ಓದುತ್ತಿದ್ದದ್ದು ಅದೇ ಹಳದಿ ವ್ಯಾನು ಹೋಗುವ ಶಾಲೆಯಲ್ಲಿ.

ಸಂಜೆ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು. ಗಂಡ ಭೀಮರಾಜ ಕೂಡ್ಲಿಗಿಯ ಕರೆಂಟ್ ಆಫೀಸಿನಲ್ಲಿ ಗುಮಾಸ್ತ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ನಾನು ಹಾಸ್ಟೆಲಿನಾಗ ನೆಲದ ಮ್ಯಾಲ ಮಲಗಿ ಓದಿದವ. ನಮ್ಮಪ್ಪಗ ಆರು ಮಂದಿ ಮಕ್ಕಳು, ಯಾರಿಗೂ ಒಂದು ನೆಟ್ಟಗಿನ ಅಂಗಿ ಇರಲಿಲ್ಲ. ಒಂದೇ ಸಾಕು, ಆ ಒಂದನ್ನ ಚೆಂದ ಓದಿಸೋಣ ಅಂತ ಇಬ್ಬರೂ ಕೂತು ಮಾತಾಡಿದ್ವಿ. ನೀನೂ ಒಪ್ಪಿ ಆಪರೇಷನ್ ಮಾಡಿಸ್ಕೊಂಡಿ. ಈಗ ನಿನ್ನ ಶಾಲಿ ಉಳಸಾಕ ನನ್ನ ಮಗಳನ್ನ ಒಯ್ತೀ ಏನು?"

"ಶಾಲಿಗಲ್ರಿ. ಆ ಕೊಟ್ರಬಸಮ್ಮಗ."

"ಆಕಿ ನಮಗ ಏನಾಗ್ಬೇಕು? ಅವ್ರ ಮನ್ಯಾಗ ನಿನಗ ಕುಡಿಯಾಕ ನೀರು ಯಾವ ಲೋಟದಾಗ ಕೊಡ್ತಾರ, ನೋಡಿಯೇನು?"

ನೋಡಿದ್ದಳು. ಜಗಲಿಯ ಗೂಡಿನಲ್ಲಿ ಬೇರೆಯೇ ಇಟ್ಟಿದ್ದ ಲೋಟ ಅದು. ಇಲ್ಲಿ ತಮ್ಮ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಪಟವಿತ್ತು, ಪಕ್ಕದಲ್ಲಿ ಬುದ್ಧನ ಚಿಕ್ಕ ಮೂರ್ತಿ. ಸಂಘಮಿತ್ರಾ ತಲೆಯೆತ್ತಿ ಅತ್ತ ನೋಡಿದಳು. ಎರಡು ದಿನ ಮನೆಯಲ್ಲಿ ಮಾತಿಗೆ ಮಾತು ಸೇರಲಿಲ್ಲ. ಮೂರನೆಯ ದಿನ ಭೀಮರಾಜ ಆಫೀಸಿಗೆ ಹೊರಡುತ್ತ, ಶೂ ಹಾಕಿಕೊಳ್ಳುತ್ತಲೇ, "ಈ ಒಂದು ವರ್ಷ. ಅಷ್ಟ," ಎಂದ.

ಸಮತಾ ಮೊದಲ ವಾರವೆಲ್ಲ ಮುಖ ಊದಿಸಿಕೊಂಡಿದ್ದಳು. ಅವಳ ಗೆಳತಿಯರೆಲ್ಲ ಆ ಶಾಲೆಯಲ್ಲಿದ್ದರು, ಟೈ ಇತ್ತು, ಕಂಪ್ಯೂಟರ್ ಇತ್ತು. ಇಲ್ಲಿ ಏನಿದೆ? ಎರಡು ಕೋಣೆ, ಒಂದು ಬೇವಿನಮರ, ಒಬ್ಬಳು ವಾಣಿಶ್ರೀ. ಆದರೆ ವಾಣಿಶ್ರೀ ಅವಳನ್ನು ಬಿಟ್ಟರೆ ತಾನೇ? ಜೊತೆಗೊಬ್ಬಳು ಸಿಕ್ಕಳೆಂಬ ಖುಷಿಗೆ ಆ ಹುಡುಗಿ ಹಿಂದೆ ಮುಂದೆ ಸುತ್ತಿದಳು, ಬೇವಿನ ಹಣ್ಣು ಆರಿಸಿಕೊಟ್ಟಳು, ಕುಂಟಾಬಿಲ್ಲೆಯಲ್ಲಿ ಬೇಕೆಂದೇ ಸೋತಳು. ಹದಿನೈದು ದಿನದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರದಂತಾದರು. ಸಮತಾ ಮನೆಗೆ ಬಂದು, "ನಾಳಿ ಬ್ಯಾಗಿನಾಗ ಎರಡು ಬಳಪ ಹಾಕಮ್ಮ, ವಾಣೀದು ಮುರದೈತಿ," ಎನ್ನತೊಡಗಿದಳು.

ಟೀಚರ ಮಗಳೇ ಬಂದಳೆಂಬ ಸುದ್ದಿ ಊರಲ್ಲಿ ಹಬ್ಬಿತು. ಗಾರೆ ಕೆಲಸದ ಹೊನ್ನೂರಸ್ವಾಮಿ ತನ್ನ ಇಬ್ಬರು ಮಕ್ಕಳನ್ನು ವ್ಯಾನಿನಿಂದ ಬಿಡಿಸಿ ತಂದು ಸೇರಿಸಿದ. ನಾಲ್ಕು ಆಯಿತು. ಅಧಿಕಾರಿ ಬಂದು ನೋಡಿ, ಮಾತು ಉಳಿಸಿಕೊಂಡರು. ಕೊಟ್ರಬಸಮ್ಮ ಅವತ್ತು ಒಂದು ಡಬ್ಬಿ ಶೇಂಗಾ ಹೋಳಿಗೆ ತಂದುಕೊಟ್ಟು, ಸಂಘಮಿತ್ರಾಳ ಎರಡೂ ಕೈಗಳನ್ನು ಒಂದು ಗಳಿಗೆ ಹಿಡಿದು ನಿಂತಳು.

ಮಧ್ಯಾಹ್ನ ಬಿಡುವಿನಲ್ಲಿ ವಾಣಿಶ್ರೀ ಸಮತಾಳನ್ನು ತನ್ನ ಮನೆಗೆ ಎಳೆದೊಯ್ಯುತ್ತಿದ್ದಳು. ಮೊದಲ ದಿನ ಸಂಘಮಿತ್ರಾ ದೂರದಿಂದ ನೋಡಿದಳು. ಒಬ್ಬಳು ಒಳಗೆ, ಒಬ್ಬಳು ಜಗಲಿಯ ಮೇಲೆ. ಅವಳು ರೊಚ್ಚಿಗೆದ್ದು ಮಗಳನ್ನು ಕರೆಯಬೇಕೆನ್ನುವಷ್ಟರಲ್ಲಿ ವಾಣಿಶ್ರೀ ತನ್ನ ತಟ್ಟೆಯನ್ನು ಎತ್ತಿಕೊಂಡು ಜಗಲಿಗೆ ಬಂದು ಕೂತಳು. ಮರುದಿನವೂ ಹಾಗೇ. ಶ್ರಾವಣದ ಹೊತ್ತಿಗೆ ಬಸಲಿಂಗಮ್ಮನೇ, "ಏ ಟೀಚರ ಮಗಳೇ, ಬಿಸಿಲಾಗ ಯಾಕ ಕುಂದರ್ತಿ, ಒಳಗ ಬಾ," ಎಂದಳು. ಪಡಸಾಲೆಯವರೆಗೆ. ಅಡುಗೆಮನೆಯ ಕಡೆಗೆ ಅಲ್ಲ. ಮಕ್ಕಳ ಬರ ಆ ಮನೆಯಲ್ಲಿ ಅಷ್ಟು ಮಾಡಿತು, ಅದಕ್ಕಿಂತ ಹೆಚ್ಚು ಮಾಡಲಿಲ್ಲ ಎಂದು ಸಂಘಮಿತ್ರಾ ಮನಸ್ಸಿನಲ್ಲೇ ಅಳೆದುಕೊಂಡಳು. ಆದರೂ ಮಗಳ ನಗು ಬೀದಿಗೆ ಕೇಳುವಾಗ ಅವಳಿಗೆ ಹಗುರವೆನಿಸುತ್ತಿತ್ತು. ಭೀಮರಾಜ ಕೂಡ ಒಂದು ದಿನ, "ಹುಡುಗಿ ಮೈ ಕೈ ತುಂಬ್ಕೊಂಡಾಳಲ್ಲ," ಎಂದ.

ದಸರಾ ರಜೆಯಲ್ಲಿ, ಮಹಾನವಮಿ ಕಳೆದ ಮರುದಿನ, ಕೊಟ್ರಬಸಮ್ಮನ ಫೋನು ಬಂತು. "ಮೇಡಂ, ಬರ್ರಿ," ಎಂದಷ್ಟೇ ಹೇಳಿ ಇಟ್ಟಳು.

ಸಂಘಮಿತ್ರಾ ಸಮತಾಳನ್ನು ಹಿಂದೆ ಕೂರಿಸಿಕೊಂಡು ಬಂದಾಗ ಮನೆಯ ಮುಂದೆ ಬಿಳಿ ಕಾರು ನಿಂತಿತ್ತು. ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಪಾಲಾಕ್ಷಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಅವನ ಹೆಂಡತಿ ಹಾಲಮ್ಮ ಚಾಪೆಯ ಮೇಲೆ, ಮಡಿಲಲ್ಲಿ ಹೊಸ ಫ್ರಾಕು. ವಾಣಿಶ್ರೀಯ ತಂದೆ ಗುರುಬಸವ ನೆಲ ನೋಡುತ್ತ ಕಂಬಕ್ಕೆ ಒರಗಿದ್ದ. ಕೊಟ್ರಬಸಮ್ಮ ಅಡುಗೆಮನೆಯ ಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ.

"ಶಾಲಿ ನಡ್ಯಾಕತ್ತೈತ್ರಿ," ಎಂದಳು ಸಂಘಮಿತ್ರಾ, ಯಾರೂ ಕೇಳುವ ಮೊದಲೇ. "ನಾಕು ಮಕ್ಕಳದಾರ. ವಾಣಿ ಚೆಂದ ಓದ್ತಾಳ. ವರ್ಷದ ನಡುವ ಯಾಕ ಬಿಡಿಸ್ತೀರಿ?"

ಪಾಲಾಕ್ಷಪ್ಪ ಎದ್ದು ನಿಂತು ಕೈ ಮುಗಿದ. ಜೋರು ಮಾತಿನವನಲ್ಲ. "ನಿಮ್ಮ ಬಗ್ಗೆ ಅವ್ವ ಹೇಳ್ಯಾಳ್ರಿ ಮೇಡಂ. ನಿಮ್ಮ ಮಗಳನ್ನ ತಂದು ಸೇರಿಸೀರಿ, ದೊಡ್ಡ ಮನಸ್ಸು. ಆದ್ರ ನಾಕು ಮಕ್ಕಳ ಶಾಲಿ ಎಷ್ಟು ದಿನ? ಬರೋ ವರ್ಷ ಯಾರು ಬರ್ತಾರ? ಅದರ ಮುಂದಿನ ವರ್ಷ? ಹಿಂದಿಂದ ಯಾವ ಕೂಸು ಬರ್ತೈತಿ ಹೇಳ್ರಿ, ನಾನು ಬಿಟ್ಟು ಹೋಗ್ತೀನಿ."

ಊರೆಲ್ಲ ಸುತ್ತಿ ಬಂದವಳು ಅವಳು. ಹಿಂದಿನಿಂದ ಯಾವ ಕೂಸೂ ಬರುತ್ತಿರಲಿಲ್ಲ.

"ಆಕಿ ತಾಯಿನ ಕೇಳ್ರಿ," ಎಂದಳು ಕೊನೆಗೆ.

ಎಲ್ಲರೂ ಕೊಟ್ರಬಸಮ್ಮನ ಕಡೆ ತಿರುಗಿದರು. ಅವಳ ತುಟಿ ಅಲುಗಿತು. ಅವಳು ಗಂಡನತ್ತ ನೋಡಿದಳು. ಗುರುಬಸವ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಬಸಲಿಂಗಮ್ಮ ಮಾತು ತೆಗೆದಳು.

"ಆಕಿನ ಕೇಳೋದೇನೈತಿ ಟೀಚರಮ್ಮ? ನಾಕು ಗಂಡಸ್ರಿಗೆ ಒಂದ ಕೂಸು. ಅದು ಒಬ್ಬಾಕಿ ಕೂಸಲ್ಲ, ಮನಿ ಕೂಸು. ಎಂಟು ವರ್ಷ ಈಕಿ ಸಾಕ್ಯಾಳ, ಇನ್ನ ಎಂಟು ವರ್ಷ ಆಕಿ ಸಾಕ್ಲಿ. ಹತ್ತು ಕೂಸು ಇದ್ದಿದ್ರ ಎಲ್ಲಾರಿಗೂ ಒಂದೊಂದು ಕೊಡ್ತಿದ್ದೆ. ಇದ್ದದ್ದು ಒಂದು, ಏನು ಮಾಡ್ಲಿ?" ಮುದುಕಿಯ ದನಿ ಕೊನೆಗೆ ಒಡೆಯಿತು. ಅವಳೂ ನಟಿಸುತ್ತಿರಲಿಲ್ಲ.

ಹಾಲಮ್ಮ ಫ್ರಾಕನ್ನು ಎದೆಗೆ ಒತ್ತಿಕೊಂಡು ಸಂಘಮಿತ್ರಾಳ ಕಡೆ ನೋಡಿದಳು. "ನಾನು ಕಸಕೊಳ್ಳಾಕ ಬಂದಿಲ್ರಿ. ನನ್ನ ಬಾಗಿಲಾಗ ಒಂದು ಕೂಸು ಓಡ್ಯಾಡಿದ್ರ ಸಾಕು. ರಜಾ ಬಿಟ್ಟಾಗ ಕಳಸ್ತೀನಿ. ದೇವರಾಣಿ ಕಳಸ್ತೀನಿ."

ಇಷ್ಟು ಹೊತ್ತೂ ವಾಣಿಶ್ರೀ ಸಮತಾಳ ಜೊತೆ ಕಾರಿನಲ್ಲಿ ಕೂತು ಹಾರ್ನು ಒತ್ತಿ ಆಡುತ್ತಿದ್ದಳು. ಹೊರಡುವ ಹೊತ್ತಾದಾಗಲೇ ಅವಳಿಗೆ ಗೊತ್ತಾದದ್ದು. "ಸಮತಾನೂ ಬರ್ತಾಳೇನು?" ಎಂದು ಕೇಳಿದಳು. ಸಮತಾ ಇಳಿದಳು. ಬಾಗಿಲು ಮುಚ್ಚಿತು. ಕೊಟ್ರಬಸಮ್ಮ ಕಾರಿನ ಹಿಂದೆ ಓಡಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ಮಗಳು ಉಂಡು ಬಿಟ್ಟಿದ್ದ ತಟ್ಟೆಯನ್ನು ತಿಕ್ಕತೊಡಗಿದಳು. ಆ ಸದ್ದು ಸಂಘಮಿತ್ರಾಳಿಗೆ ಬೀದಿಯವರೆಗೂ ಕೇಳಿಸಿತು.

ರಜೆ ಮುಗಿದು ಶಾಲೆ ತೆರೆದಾಗ ಹೊನ್ನೂರಸ್ವಾಮಿ ಬಂದು ಬಾಗಿಲಲ್ಲೇ ನಿಂತ. ತಪ್ಪು ತಿಳೀಬ್ಯಾಡ್ರಿ ಮೇಡಂ, ಈ ಶಾಲಿ ನಿಲ್ಲಂಗ ಕಾಣಲ್ಲ, ವ್ಯಾನಿನವರು ಈಗ ಬಂದ್ರ ಸೇರಿಸ್ಕೊಂತೀವಿ ಅಂದಾರ, ಎಂದು ಹೇಳಿ ಮಕ್ಕಳ ಹೆಸರು ಬಿಡಿಸಿಕೊಂಡು ಹೋದ.

ಆಮೇಲೆ ಸಮತಾ ಒಬ್ಬಳೇ. ಸಂಘಮಿತ್ರಾ ಕಪ್ಪುಹಲಗೆಯ ಮುಂದೆ ನಿಂತು ಮಗಳೊಬ್ಬಳಿಗೇ ಪಾಠ ಹೇಳಿದಳು. ಪದ್ಯ ಓದಿಸಿದರೆ ಖಾಲಿ ಕೋಣೆಯಲ್ಲಿ ಅವಳ ದನಿ ಗೋಡೆಗೆ ಬಡಿದು ವಾಪಸಾಗುತ್ತಿತ್ತು. ಅದಕ್ಕೇ ಇರಬೇಕು, ಹುಡುಗಿ ದನಿ ತಗ್ಗಿಸುತ್ತ ಹೋಗಿ, ಕಡೆಗೆ ಬಾಯಿ ಬಿಟ್ಟು ಓದುವುದನ್ನೇ ನಿಲ್ಲಿಸಿದಳು. ಮಧ್ಯಾಹ್ನ ಬೇವಿನಮರದ ಕೆಳಗೆ ಕೂತು ಬಸಲಿಂಗಮ್ಮನ ಮನೆಯ ಕಡೆ ನೋಡುತ್ತಿದ್ದಳು. ಮುದುಕಿ ಒಂದೆರಡು ಸಲ ಕೈಬೀಸಿ ಕರೆದಳು. ಸಮತಾ ಹೋಗಲಿಲ್ಲ.

ಕಾರ್ತಿಕ ಕಳೆಯುವ ಹೊತ್ತಿಗೆ ಅಧಿಕಾರಿ ಬಂದರು. ಆ ಒಬ್ಬಳು ವಿದ್ಯಾರ್ಥಿನಿ ಯಾರ ಮಗಳೆಂದು ಅವರಿಗೆ ಗೊತ್ತಿತ್ತು. "ಪಾಪ, ಮಗೂಗೆ ಯಾಕ ಶಿಕ್ಷೆ ಮೇಡಂ?" ಎಂದರು. ಅವತ್ತೇ ಬಾಗಿಲಿಗೆ ಬೀಗ ಬಿತ್ತು. ಅಡುಗೆಯಾಕೆ ದೊಡ್ಡ ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಕಣ್ಣೊರೆಸಿಕೊಂಡು ಹೋದಳು.

ಸಂಘಮಿತ್ರಾಳಿಗೆ ಕೂಡ್ಲಿಗಿಯ ಸಮೀಪದ ಶಾಲೆ ಸಿಕ್ಕಿತು. ಸಮತಾಳ ಹಳೆಯ ಶಾಲೆಯಲ್ಲಿ, ದಸರೆಯ ಹೊತ್ತಿಗೆ ಬಂದವರನ್ನಷ್ಟೇ ಸೇರಿಸಿಕೊಂಡೆವು, ಇನ್ನು ಜಾಗವಿಲ್ಲವೆಂದರು. ಪಟ್ಟಣದ ಸರ್ಕಾರಿ ಶಾಲೆಗೇ ಹಾಕಿದರು. ಅಲ್ಲಿ ಒಂದು ಬೆಂಚಿಗೆ ಐದು ಮಂದಿ. ಆದರೆ ಸಮತಾ ಯಾರ ಹೆಸರನ್ನೂ ಮನೆಗೆ ತರುತ್ತಿರಲಿಲ್ಲ.

"ನಿನ್ನ ಗೆಳತ್ಯಾರು ಯಾರು ಅಲ್ಲಿ?" ಎಂದು ಭೀಮರಾಜ ಒಂದು ಸಂಜೆ ಕೇಳಿದ.

"ಯಾರೂ ಇಲ್ಲ. ಹೋಗಿಬಿಡ್ತಾರ." ಪೆನ್ಸಿಲ್ಲಿನ ತುದಿ ಕಚ್ಚುತ್ತ, "ಅಪ್ಪಾ, ನಿಮಗ ಇನ್ನೊಂದು ಪಾಪು ಯಾಕ ಬ್ಯಾಡಾಗಿತ್ತು?" ಎಂದಳು.

ಭೀಮರಾಜ ಹೆಂಡತಿಯತ್ತ ನೋಡಿದ. ಅವನ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಸಂಘಮಿತ್ರಾಳಿಗೆ. ನಿನಗ ಎಲ್ಲಾ ಸಿಗ್ಲಿ ಅಂತ, ಎಂದು ಅವಳು ಹೇಳಬೇಕೆಂದುಕೊಂಡಳು. ಅದನ್ನು ಬಿಟ್ಟು ಮಗಳ ಪೆನ್ಸಿಲ್ಲು ತೆಗೆದುಕೊಂಡು ಚೂಪು ಮಾಡತೊಡಗಿದಳು.

ಶಿವರಾತ್ರಿಯ ಮುಂಚಿನ ಭಾನುವಾರ ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ರಬಸಮ್ಮ ಸಿಕ್ಕಳು. ಹಗರಿಬೊಮ್ಮನಹಳ್ಳಿ ಬಸ್ಸಿನಿಂದ ಇಳಿದು ಹೊಸಹಳ್ಳಿಯ ಬಸ್ಸಿಗೆ ಕಾಯುತ್ತ, ಬರಿದಾದ ಟಿಫಿನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸೊರಗಿಹೋಗಿದ್ದಳು. ಸಂಘಮಿತ್ರಾ ಪಕ್ಕದಲ್ಲಿ ಕೂತಳು.

"ಹಂಪಸಾಗರಕ್ಕ ಹೋಗಿದ್ರೇನು?"

"ಹೂಂ ರಿ. ಶೇಂಗಾ ಹೋಳಿಗಿ ಅಂದ್ರ ಆಕಿಗೆ ಪ್ರಾಣ." ಅವಳು ಡಬ್ಬಿಯ ಮುಚ್ಚಳವನ್ನು ತೆರೆದು ಮುಚ್ಚಿದಳು. "ಮೊದಲ ತಿಂಗಳು ನಾನು ಹೊಂಟ್ರ ಅಳತಿದ್ಲು. ಈಗ ಅಳಂಗಿಲ್ಲ. ಹಾಲಕ್ಕನ್ನ ಅವ್ವ ಅಂತಾಳ. ನನ್ನ ಚಿಕ್ಕವ್ವ ಅಂತಾಳ."

ಸಂಘಮಿತ್ರಾ ಅವಳ ಕೈ ಹಿಡಿದುಕೊಂಡಳು.

"ಹಾಲಕ್ಕ ಭಾಳ ಚೆಂದ ನೋಡ್ಕೊಂತಾಳ್ರಿ ಮೇಡಂ. ಅದಕ್ಕ ನನಗ ಏನೂ ಮಾಡಾಕ ಬರವಲ್ದು. ಕೆಟ್ಟದಾಗಿ ನೋಡ್ಕೊಂಡಿದ್ರ ಜಗಳ ತಗದು ಕರ್ಕೊಂಡು ಬರ್ತಿದ್ದೆ." ಅವಳು ದೂರದಲ್ಲಿ ತಿರುಗುತ್ತಿದ್ದ ಬಸ್ಸನ್ನು ನೋಡಿದಳು. "ನಿಮ್ಮ ಮಗಳು ಹೆಂಗದಾಳ್ರಿ?"

"ಅದಾಳ," ಎಂದಳು ಸಂಘಮಿತ್ರಾ.

ಬಸ್ಸು ಬಂದು ನಿಂತದ್ದೇ ತಡ, ಮಂದಿ ಮುಗಿಬಿದ್ದರು. ಕೋಲೂರಿದ ಮುದುಕರು, ದವಾಖಾನೆಯ ಚೀಟಿ ಹಿಡಿದ ಮುದುಕಿಯರು, ನರೆತ ಮೀಸೆಯ ಗಂಡಸರು, ಬೆನ್ನಿಗೆ ಬ್ಯಾಗು ಹಾಕಿದ ನೌಕರಿಯವರು. ಕಂಡಕ್ಟರು ಒಳಗೆ ನಡೀರಿ, ಒಳಗೆ ನಡೀರಿ ಎಂದು ಕೂಗುತ್ತಿದ್ದ. ಕೊಟ್ರಬಸಮ್ಮ ಹೇಗೋ ಮೆಟ್ಟಿಲು ಹತ್ತಿ, ಡಬ್ಬಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಆ ನೂಕುನುಗ್ಗಲಿನೊಳಗೆ ಸರಿದು ಮರೆಯಾದಳು. ಸಂಘಮಿತ್ರಾ ಸ್ವಲ್ಪ ಹೊತ್ತು ಕಿಟಕಿಗಳಲ್ಲಿ ಅವಳ ಮುಖ ಹುಡುಕಿದಳು. ಕಾಣಲಿಲ್ಲ. ಬಸ್ಸು ಒಂದು ಪಕ್ಕಕ್ಕೆ ವಾಲಿಕೊಂಡೇ ಹೊಸಹಳ್ಳಿಯ ರಸ್ತೆ ಹಿಡಿಯಿತು.